ಕಳಿಸಿದ್ದನ್ನೇ ಕಳೆಯುವ ಕಷ್ಟ: ಫುಲ್ ಡ್ಯುಪ್ಲೆಕ್ಸ್ ರೇಡಿಯೊದಲ್ಲಿ ಸ್ವ-ವ್ಯತಿಕರಣದ ನಿರ್ವಹಣೆ

ವೈ-ಫೈ ರೇಡಿಯೊ ಹೊರಸೂಸುವ ಶಕ್ತಿ ಸುಮಾರು 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್. ಚಾನೆಲ್ಲಿನ ಅಗಲ 80 ಮೆಗಾಹರ್ಟ್ಸ್ ಇದ್ದಾಗ ಅದೇ ರೇಡಿಯೊದ ರಿಸೀವರಿನ ನಾಯ್ಸ್ ಮಟ್ಟ −90 ಡಿಬಿಎಂ ಆಸುಪಾಸಿನಲ್ಲಿರುತ್ತದೆ. ನಡುವಿನ ಅಂತರ 110 ಡೆಸಿಬೆಲ್, ಹತ್ತು ಸಾವಿರ ಕೋಟಿ ಪಟ್ಟು. ಒಂದೇ ಆವರ್ತನದಲ್ಲಿ ಒಂದೇ ಹೊತ್ತಿಗೆ ಕಳಿಸುತ್ತಲೂ ಕೇಳುತ್ತಲೂ ಇರುವ ಫುಲ್ ಡ್ಯುಪ್ಲೆಕ್ಸ್ ರೇಡಿಯೊ ಈ ಅಂತರವನ್ನು ಪೂರ್ತಿ ಅಳಿಸಬೇಕು. ನಾಯ್ಸ್ ಮಟ್ಟದ ಮೇಲೆ 10 ಡೆಸಿಬೆಲ್ ಉಳಿದುಹೋದರೂ ದೂರದಿಂದ ಬರುವ ಸಂಕೇತದ ಗುಣಮಟ್ಟ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ. ರೇಡಿಯೊ ತನ್ನ ಪ್ರಸಾರದಿಂದ ತನಗೇ ಒಡ್ಡಿಕೊಳ್ಳುವ ಈ ಅಡ್ಡಿಯೇ ಸ್ವ-ವ್ಯತಿಕರಣ.

ಮೇಲ್ನೋಟಕ್ಕೆ ಪರಿಹಾರ ಸುಲಭ. ತಾನು ಏನನ್ನು ಕಳಿಸುತ್ತಿದ್ದೇನೆಂಬುದು ರೇಡಿಯೊಗೆ ಗೊತ್ತು. ಬಂದದ್ದರಿಂದ ಅದನ್ನು ಕಳೆದರಾಯಿತು. ಆದರೆ ರೇಡಿಯೊಗೆ ಗೊತ್ತಿರುವುದು ಡಿಜಿಟಲ್ ಸಂಖ್ಯೆಗಳ ಸಾಲು ಮಾತ್ರ. ಆ ಸಾಲು ಡಿಜಿಟಲ್-ಅನಲಾಗ್ ಪರಿವರ್ತಕ, ಮಿಕ್ಸರ್, ಪವರ್ ಆಂಪ್ಲಿಫೈಯರುಗಳನ್ನು ದಾಟಿ ಆಂಟೆನಾ ಮುಟ್ಟುವಷ್ಟರಲ್ಲಿ ಮೂರು ಬಗೆಯ ಕಲಬೆರಕೆ ಆಗಿರುತ್ತದೆ. ಒಂದು, ಮೂಲ ಸಂಕೇತದ ನೇರ ಪ್ರತಿ. ಆಂಪ್ಲಿಫೈಯರಿನ ಅರೇಖೀಯತೆಯಿಂದ ಹುಟ್ಟಿದ ಮೂರನೆಯ, ಐದನೆಯ ಘಾತದ ಪದಗಳು. ಕೊನೆಗೆ ಟ್ರಾನ್ಸ್‌ಮಿಟರಿನದೇ ನಾಯ್ಸ್. ಮೊದಲನೆಯದನ್ನು ಲೆಕ್ಕ ಹಾಕಬಹುದು, ಎರಡನೆಯದನ್ನು ಮಾದರಿ ಕಟ್ಟಿ ಅಂದಾಜಿಸಬಹುದು. ಮೂರನೆಯದು ಯಾದೃಚ್ಛಿಕ, ಎಷ್ಟೇ ಜಾಣ ಸಾಫ್ಟ್‌ವೇರಿಗೂ ಅದು ಸಿಗುವುದಿಲ್ಲ. ಅದರ ಪ್ರತಿ ಬೇಕೆಂದರೆ ಆಂಪ್ಲಿಫೈಯರಿನ ಆಚೆ ತಂತಿಯಿಂದಲೇ ತೆಗೆದುಕೊಳ್ಳಬೇಕು. ಹೀಗಾಗಿ ಈ ಕ್ಷೇತ್ರದಲ್ಲಿ, ಆ ಪ್ರತಿಯನ್ನು ಡಿಜಿಟಲೀಕರಣಕ್ಕೆ ಮುಂಚೆಯೇ ಕಳೆಯುವ ಅನಲಾಗ್ ಹಂತವನ್ನು ಡಿಜಿಟಲ್ ಹಂತಕ್ಕೆ ಪೂರ್ವಸಿದ್ಧತೆ ಎಂದು ಕಾಣುವುದು ತಪ್ಪೆಂದು ನನ್ನ ವಾದ. ಅದು ಮಾಡುವ ಕೆಲಸವನ್ನು ಮುಂದೆ ಇನ್ನಾವ ಹಂತವೂ ಮಾಡಲಾರದು.

ಅನಲಾಗ್-ಡಿಜಿಟಲ್ ಪರಿವರ್ತಕದ ಮಿತಿಯೂ ಇದನ್ನೇ ಹೇಳುತ್ತದೆ. 12 ಬಿಟ್‌ಗಳ ಪರಿವರ್ತಕ ಆದರ್ಶ ಸ್ಥಿತಿಯಲ್ಲಿ 74 ಡೆಸಿಬೆಲ್ ವ್ಯಾಪ್ತಿ ಕೊಡುತ್ತದೆ. ಒಎಫ್‌ಡಿಎಂ ಎಂಬ ಬಹುವಾಹಕ ಸಂಕೇತದ ಏರಿಳಿತಕ್ಕೆ ಜಾಗ ಬಿಟ್ಟರೆ ಕೈಗೆ ದಕ್ಕುವುದು 60 ಚಿಲ್ಲರೆ. ಉಳಿದ ಐವತ್ತರಷ್ಟು ಡೆಸಿಬೆಲ್ ಪರಿವರ್ತಕಕ್ಕೆ ಮುಂಚೆಯೇ ಹೋಗಿರಬೇಕು.

ಅನಲಾಗ್ ಹಂತದ ನಿಖರತೆ ಎಷ್ಟಿರಬೇಕೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಎರಡು ತರಂಗಗಳನ್ನು ವಿರುದ್ಧವಾಗಿ ಕೂಡಿಸಿ ಶೂನ್ಯ ಮಾಡುವಾಗ ಫೇಸಿನಲ್ಲಿ ಒಂದು ಡಿಗ್ರಿ ತಪ್ಪಿದರೆ ರದ್ದತಿ 35 ಡೆಸಿಬೆಲ್‌ಗೆ ನಿಲ್ಲುತ್ತದೆ. 60 ಡೆಸಿಬೆಲ್ ಬೇಕಾದರೆ ಆಂಪ್ಲಿಟ್ಯೂಡಿನ ತಪ್ಪು ಸಾವಿರದಲ್ಲೊಂದು ಪಾಲಿನೊಳಗೆ, ಫೇಸಿನ ತಪ್ಪು 0.057 ಡಿಗ್ರಿಯೊಳಗೆ ಇರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಇದು 0.02 ಮಿಲಿಮೀಟರ್ ಹಾದಿಗೆ ಸಮ. ಇಷ್ಟೂ ಒಂದೇ ಆವರ್ತನದ ಮಾತು. 80 ಮೆಗಾಹರ್ಟ್ಸ್ ಪಟ್ಟಿಯ ಮಧ್ಯದಲ್ಲಿ ಎಲ್ಲವೂ ಸರಿಹೊಂದಿದ್ದು, ವಿಳಂಬದಲ್ಲಿ ಬರೀ 1 ನ್ಯಾನೊಸೆಕೆಂಡ್ ವ್ಯತ್ಯಾಸ ಇದೆಯೆನ್ನಿ. ಪಟ್ಟಿಯ ಅಂಚಿನಲ್ಲಿ ರದ್ದತಿ 12 ಡೆಸಿಬೆಲ್‌ಗೆ ಬೀಳುತ್ತದೆ. ಅಂಚಿನಲ್ಲೂ 60 ಉಳಿಯಬೇಕೆಂದರೆ ವಿಳಂಬ 4 ಪಿಕೊಸೆಕೆಂಡ್‌ಗಳೊಳಗೆ ಹೊಂದಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂರು ವರ್ಷಗಳ ಪ್ರಯೋಗಗಳನ್ನು ಈ ಲೆಕ್ಕದ ಬೆಳಕಿನಲ್ಲಿ ಓದಬೇಕು. 2010ರಲ್ಲಿ ಫಿಲಿಪ್ ಲೆವಿಸ್ ಮತ್ತು ಸಚಿನ್ ಕಟ್ಟಿ ಅವರ ತಂಡ ಎರಡು ಪ್ರಸಾರ ಆಂಟೆನಾಗಳನ್ನು ರಿಸೀವರ್ ಆಂಟೆನಾದಿಂದ ಅರ್ಧ ತರಂಗದೂರದ ವ್ಯತ್ಯಾಸದಲ್ಲಿ ನಿಲ್ಲಿಸಿ, ಎರಡೂ ಅಲೆಗಳು ಅಲ್ಲಿ ಪರಸ್ಪರ ರದ್ದಾಗುವಂತೆ ಮಾಡಿತು. ಅರ್ಧ ತರಂಗದೂರ ಎಂಬುದು ಒಂದೇ ಆವರ್ತನಕ್ಕೆ ನಿಜ. ಆದ್ದರಿಂದ ಕಿರಿದಾದ ಪಟ್ಟಿಯಲ್ಲಿ ಚೆನ್ನಾಗಿ ನಡೆದ ಈ ಉಪಾಯ ಅಗಲವಾದ ಪಟ್ಟಿಯಲ್ಲಿ ಸೋಲುತ್ತದೆ. ಮೇಲಾಗಿ ಮೂರು ಆಂಟೆನಾ ಕೈಯಲ್ಲಿದ್ದರೆ ಅವನ್ನು ಒಂದೇ ಹೊತ್ತಿಗೆ ಹಲವು ದತ್ತಾಂಶ ಹರಿವುಗಳನ್ನು ಸಾಗಿಸುವ ಬಹು-ಆಂಟೆನಾ ವಿಧಾನಕ್ಕೆ (ಮೈಮೊ) ಬಳಸುವುದೇ ಲಾಭವಲ್ಲವೇ ಎಂಬ ಪ್ರಶ್ನೆಗೂ ಅದರಲ್ಲಿ ಸಮಾಧಾನದ ಉತ್ತರವಿಲ್ಲ. 2011ರಲ್ಲಿ ಬಾಲನ್ ಎಂಬ ಟ್ರಾನ್ಸ್‌ಫಾರ್ಮರಿನಿಂದ ಸಂಕೇತದ ತಲೆಕೆಳಗಾದ ಪ್ರತಿ ಪಡೆದದ್ದು ದೊಡ್ಡ ಹೆಜ್ಜೆ, ಏಕೆಂದರೆ ಹೀಗೆ ಮಗುಚುವುದು ಆವರ್ತನವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. 2013ರಲ್ಲಿ ದಿನೇಶ್ ಭರಾಡಿಯಾ, ಎಮಿಲಿ ಮೆಕ್‌ಮಿಲಿನ್ ಮತ್ತು ಕಟ್ಟಿ ಒಂದೇ ಆಂಟೆನಾ, ಹೋಗುವ, ಬರುವ ಸಂಕೇತಗಳನ್ನು ಬೇರೆ ಬೇರೆ ದಾರಿಗೆ ಹಚ್ಚುವ ಒಂದು ಸರ್ಕ್ಯುಲೇಟರ್ ಇಟ್ಟುಕೊಂಡು, ಆಂಪ್ಲಿಫೈಯರಿನ ಆಚೆಯಿಂದ ತೆಗೆದ ಪ್ರತಿಯನ್ನು ಬೇರೆ ಬೇರೆ ಸ್ಥಿರ ವಿಳಂಬಗಳ ತಂತಿಗಳಲ್ಲಿ ಹರಿಸಿ, ಪ್ರತಿಯೊಂದರ ತೂಕವನ್ನು ಮಾತ್ರ ಹೊಂದಿಸಿದರು. ನಿಜವಾದ ವಿಳಂಬ ಈ ತಂತಿಗಳ ನಡುವೆ ಎಲ್ಲೋ ಇರುತ್ತದೆ. ತೂಕಗಳು ಅದನ್ನು ಅಂತರ್‌ಗಣನೆಯಿಂದ ಹಿಡಿಯುತ್ತವೆ. ಡಿಜಿಟಲ್ ಹಂತವೂ ಸೇರಿ 110 ಡೆಸಿಬೆಲ್ ರದ್ದತಿ ಸಾಧ್ಯವಾಯಿತು. ದತ್ತಾಂಶ ದರದ ಮಧ್ಯಮಾಂಕ 1.87 ಪಟ್ಟು ಏರಿತು. ಈ ಮೂರರಲ್ಲಿ ನನಗೆ ಅತ್ಯಂತ ಸುಂದರವೆನಿಸುವುದು ಈ ಅಂತರ್‌ಗಣನೆಯ ಕಲ್ಪನೆ.

ಆದರೂ ಎರಡು ತೊಡಕು ಉಳಿಯುತ್ತವೆ. ಒಂದು, ಸುತ್ತಲಿನ ಪ್ರತಿಫಲನ. ರೈಸ್ ವಿಶ್ವವಿದ್ಯಾಲಯದ ಆಶುತೋಷ್ ಸಭರ್ವಾಲ್ ಅವರ ತಂಡ ಆಂಟೆನಾಗಳ ದಿಕ್ಕು, ಹೀರುವ ಪರದೆ, ಅಡ್ಡ ಧ್ರುವೀಕರಣಗಳನ್ನು ಕೂಡಿಸಿ ಕೆಲವು ಪರಿಸರಗಳಲ್ಲಿ 70 ಡೆಸಿಬೆಲ್‌ಗೂ ಮಿಕ್ಕಿದ ಪ್ರತ್ಯೇಕತೆ ಪಡೆಯಿತು. ಮಿತಿ ಹಾಕಿದ್ದು ಸುತ್ತಲಿಂದ ಮರಳುವ ಅಲೆಗಳು. ನೇರ ಸೋರಿಕೆ ಅಡಗಿದಷ್ಟೂ ಉಳಿದದ್ದು ಆವರ್ತನದಿಂದ ಆವರ್ತನಕ್ಕೆ ಹೆಚ್ಚು ಬದಲಾಗುತ್ತದೆ ಎಂಬುದೂ ಅದೇ ಅಧ್ಯಯನದ ಫಲ. ಇನ್ನೊಂದು, ಆಸಿಲೇಟರಿನ ಫೇಸ್ ನಾಯ್ಸ್. ಕಳಿಸುವುದಕ್ಕೂ ಕೇಳುವುದಕ್ಕೂ ಬೇರೆ ಬೇರೆ ಆಸಿಲೇಟರ್ ಇದ್ದರೆ ಅವುಗಳ ನಡುಕ ಹೊಂದದೆ ರದ್ದತಿಗೆ ತಡೆ ಬೀಳುತ್ತದೆ. ಒಂದನ್ನೇ ಹಂಚಿಕೊಂಡರೆ ಬಹುಪಾಲು ನಡುಕ ತಾನಾಗಿ ಕಳೆದುಹೋಗುತ್ತದೆ.

ಮೊಬೈಲ್ ಗೋಪುರದ ಲೆಕ್ಕ ಇನ್ನೂ ಕಠಿಣ. ಅದರ ಪ್ರಸಾರ ಶಕ್ತಿ 40 ವ್ಯಾಟ್ ಎಂದರೆ 46 ಡಿಬಿಎಂ. 100 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅಳಿಸಬೇಕಾದದ್ದು 135 ಡೆಸಿಬೆಲ್ ದಾಟುತ್ತದೆ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟ ತನ್ನ ಮಾನದಂಡದ 18ನೆಯ ಬಿಡುಗಡೆಯಲ್ಲಿ ಉಪ-ಪಟ್ಟಿಯ ಫುಲ್ ಡ್ಯುಪ್ಲೆಕ್ಸನ್ನು ಅಧ್ಯಯನಕ್ಕೆ ಎತ್ತಿಕೊಂಡದ್ದು ಈ ಹಿನ್ನೆಲೆಯಲ್ಲಿ ವಿವೇಕದ ನಡೆ. ಗೋಪುರ ಒಂದೇ ಹೊತ್ತಿಗೆ ಕಳಿಸುತ್ತದೆ, ಕೇಳುತ್ತದೆ, ಆದರೆ ಪಟ್ಟಿಯ ಬೇರೆ ಬೇರೆ ತುಂಡುಗಳಲ್ಲಿ. ಫೋನು ಹಳೆಯಂತೆಯೇ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಆವರ್ತನದ ಅಂತರದಿಂದಲೇ ಸುಮಾರು 45 ಡೆಸಿಬೆಲ್ ಸಿಗುತ್ತದೆ. ಆಂಟೆನಾ ಫಲಕಗಳನ್ನು ಬೇರ್ಪಡಿಸಿದರೆ ಇನ್ನಷ್ಟು. ಸಾಮರ್ಥ್ಯ ಇಮ್ಮಡಿಯಾಗುವ ಆಸೆ ಇಲ್ಲಿಲ್ಲ. ಫೋನಿನಿಂದ ಗೋಪುರಕ್ಕೆ ಹೋಗುವ ಸಂಕೇತದ ವ್ಯಾಪ್ತಿ ಹಿಗ್ಗುತ್ತದೆ, ಕಾಯುವ ಸಮಯ ತಗ್ಗುತ್ತದೆ.

ಹೀಗೆ ಗೋಪುರ ತನ್ನದನ್ನು ತಾನು ಅಡಗಿಸಿಕೊಂಡ ಮೇಲೂ ಪಕ್ಕದ ಗೋಪುರದ ಪ್ರಸಾರ ಅದರ ಕಿವಿಗೆ ಬೀಳುತ್ತಲೇ ಇರುತ್ತದೆ. ಅದನ್ನು ಕಳೆಯಲು ಬೇಕಾದ ಡಿಜಿಟಲ್ ಸಾಲನ್ನು ಫೈಬರಿನ ಮೂಲಕ ತರಿಸಿಕೊಳ್ಳಬಹುದೇನೋ. ಆ ಗೋಪುರದ ಆಂಪ್ಲಿಫೈಯರಿನ ಆಚೆಯ ನಾಯ್ಸನ್ನು ತರಿಸಿಕೊಳ್ಳುವ ತಂತಿ ಮಾತ್ರ ಇಲ್ಲ.