ಉಷ್ಣ, ನೀರು ಮತ್ತು ಮೂತ್ರ: ಬಯಲುಸೀಮೆಯ ಜನಪದ ವೈದ್ಯದ ಒಂದು ನೆಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಅಸ್ತಿತ್ವಕ್ಕೆ ಬಂದ ವಿಜಯನಗರ ಜಿಲ್ಲೆಗೆ ಸೇರಿವೆ. ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿದರೂ ಇಲ್ಲಿನ ಬಹುಭಾಗ ಮಳೆಯನ್ನೇ ನಂಬಿದ ಜೋಳ, ಶೇಂಗಾಗಳ ಬಯಲುಸೀಮೆ. ದಿನವಿಡೀ ಬಿಸಿಲಿನಲ್ಲಿ ದುಡಿಯುವ ಒಕ್ಕಲು ಮಕ್ಕಳಿಗೆ ಉರಿಮೂತ್ರವೂ ಮೂತ್ರದ ಕಲ್ಲೂ ಅಪರಿಚಿತ ಬಾಧೆಗಳಲ್ಲ. ಈ ಬಾಧೆಗಳನ್ನು ಜನಪದರು ಅರ್ಥೈಸಿಕೊಂಡ ಬಗೆಯಲ್ಲಿ ಅವರ ದೇಹಜ್ಞಾನದ ಶಕ್ತಿಯೂ ಮಿತಿಯೂ ಒಟ್ಟಿಗೇ ಕಂಡುಬರುತ್ತವೆ.

ಜನಪದ ವೈದ್ಯದ ಮುಖ್ಯ ಪರಿಕಲ್ಪನೆ 'ಉಷ್ಣ'. ಮೂತ್ರ ಹಳದಿಗಟ್ಟಿ ಉರಿದರೆ ಮೈಯಲ್ಲಿ ಕಾವು ಏರಿದೆ ಎಂದೇ ಭಾವನೆ. ಎಳನೀರು, ಮಜ್ಜಿಗೆ, ನೆನೆಸಿದ ಕಾಮಕಸ್ತೂರಿ ಬೀಜ, ಕೊತ್ತಂಬರಿ ಬೀಜದ ಕಷಾಯ ಇದಕ್ಕೆ ಪರಿಹಾರ. ಕಲ್ಲಿಗೆ ಬಾಳೆದಿಂಡಿನ ರಸ, ಹುರುಳಿಕಟ್ಟು, ಬೀಳುಭೂಮಿಯಲ್ಲಿ ತಾನೇ ಬೆಳೆಯುವ ನೆಗ್ಗಿಲುಮುಳ್ಳಿನ ಕಷಾಯ ಬಳಕೆಯಲ್ಲಿವೆ. ಈ ಮದ್ದುಗಳಲ್ಲಿ ಹೆಚ್ಚಿನವು ನೀರನ್ನೇ ದೇಹಕ್ಕೆ ಸೇರಿಸುತ್ತವೆ ಎಂಬುದು ಗಮನಾರ್ಹ. ಇಲ್ಲಿ ಲಕ್ಷಣಕ್ಕೂ ನೀರಿಗೂ ಇರುವ ಸಂಬಂಧ ಸ್ಪಷ್ಟವಾಗಿದೆ. ಮೂತ್ರವನ್ನು ಸೃಷ್ಟಿಸುವ ಅಂಗದ ಪ್ರಸ್ತಾಪ ಮಾತ್ರ ಇಲ್ಲ.

ಶಾಸ್ತ್ರ ಪರಂಪರೆಯಲ್ಲೂ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇತ್ತು. ಕಂಠದವರೆಗೆ ನೀರಿನಲ್ಲಿ ಮುಳುಗಿಸಿದ ಹೊಸ ಕೊಡ ಪಕ್ಕಗಳಿಂದ ಜಿನುಗುವ ನೀರಿನಿಂದಲೇ ತುಂಬುವಂತೆ ಮೂತ್ರಾಶಯವು ಸೂಕ್ಷ್ಮ ನಾಳಗಳಿಂದ ತುಂಬುತ್ತದೆ ಎಂದು ಸುಶ್ರುತ ಸಂಹಿತೆ ವಿವರಿಸುತ್ತದೆ. ಅದರ ಪ್ರಕಾರ ಮೂತ್ರದ ಮೂಲ ಪಕ್ವಾಶಯ, ಅಂದರೆ ಕರುಳಿನ ಭಾಗ. ಚರಕ ಸಂಹಿತೆಯು ವೃಕ್ಕಗಳನ್ನು, ಅಂದರೆ ಮೂತ್ರಪಿಂಡಗಳನ್ನು, ಮೇದಸ್ಸಿನ ಸ್ರೋತಗಳಿಗೆ ಸಂಬಂಧಿಸಿ ಹೇಳುತ್ತದೆ. ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಂತಹ 12ನೆಯ ಶತಮಾನದ ಕೃತಿಯ ಮೂಲಕ ವೈದ್ಯಶಾಸ್ತ್ರ ಕನ್ನಡಕ್ಕೆ ಬಂದರೂ ಅಂಗದ ಒಳಗಿನ ಕ್ರಿಯೆ ತಿಳಿಯಲು ಸೂಕ್ಷ್ಮದರ್ಶಕವೇ ಬೇಕಾಯಿತು.

1666ರಲ್ಲಿ ಇಟಲಿಯ ಮಾಲ್ಪೀಗಿ ಮೂತ್ರಪಿಂಡದೊಳಗಿನ ಸೂಕ್ಷ್ಮ ಗುಚ್ಛಗಳನ್ನು ಗುರುತಿಸಿದನು. 1842ರಲ್ಲಿ ಇಂಗ್ಲೆಂಡಿನ ಬೌಮನ್ ರಕ್ತನಾಳದ ಗುಚ್ಛಕ್ಕೂ ಮೂತ್ರನಳಿಕೆಗೂ ಇರುವ ಸಂಬಂಧವನ್ನು ತೋರಿಸಿದನು. ಅದೇ ದಶಕದಲ್ಲಿ ಜರ್ಮನಿಯ ಲುಡ್ವಿಗ್, ರಕ್ತದ ಒತ್ತಡದಿಂದ ದ್ರವ ಸೋಸುತ್ತದೆ ಎಂದು ಪ್ರತಿಪಾದಿಸಿದನು. ಇಂದಿನ ತಿಳಿವಳಿಕೆಯಂತೆ ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಶೇಕಡ 99ರಷ್ಟು ನಳಿಕೆಗಳ ಮೂಲಕ ರಕ್ತಕ್ಕೆ ಮರಳುತ್ತದೆ. ಉಳಿದ ಒಂದೂವರೆ ಲೀಟರಿನಷ್ಟು ಯೂರಿಯಾ, ಲವಣಗಳೊಡನೆ ಮೂತ್ರವಾಗುತ್ತದೆ. ಬೆವರಿನಿಂದ ದೇಹದ ನೀರು ತಗ್ಗಿದಾಗ ಮಿದುಳಿನ ಹಾರ್ಮೋನೊಂದು ನಳಿಕೆಗಳಿಂದ ಹೆಚ್ಚು ನೀರನ್ನು ಹಿಂದಕ್ಕೆ ಸೆಳೆಸುತ್ತದೆ. ಮೂತ್ರ ಗಾಢವಾಗುತ್ತದೆ, ಲವಣಗಳು ಹರಳುಗಟ್ಟಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ಜನಪದರು 'ಉಷ್ಣ' ಎಂದು ಕರೆದದ್ದರಲ್ಲಿ ಬಹುಪಾಲು ಈ ಗಾಢತೆಯೇ. ಅವರ ಕಾರಣ ಬೇರೆಯಾದರೂ ಕಣ್ಣಿನ ಅಳತೆ ತಪ್ಪಿರಲಿಲ್ಲ.

ಆದರೆ ಮೂತ್ರದ ಬಣ್ಣವನ್ನು ನೆಚ್ಚಿದ ಈ ಜ್ಞಾನ ಒಂದೆಡೆ ಸೋಲುತ್ತದೆ. ಮಧುಮೇಹ ಹಾಗೂ ರಕ್ತದೊತ್ತಡದಿಂದ ಮೂತ್ರಪಿಂಡಗಳು ಸವೆಯುವಾಗ ಆರಂಭದಲ್ಲಿ ಉರಿಯಿಲ್ಲ, ನೋವಿಲ್ಲ. ಮೂತ್ರವೂ ಸರಾಗವಾಗಿಯೇ ಹೋಗುತ್ತಿರುತ್ತದೆ. ಆ ಹಾನಿ ಗೊತ್ತಾಗುವುದು ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನ್ ಪರೀಕ್ಷೆಗಳಿಂದ. ರೋಗ ಬಲಿತ ಮೇಲೆ ಹಳೆಯ ಪರಿಹಾರವೇ ತಿರುಗಿ ಬೀಳಬಹುದು: ಬಿಸಿಲಿನ ದುಡಿಮೆಗಾರನಿಗೆ ಹಿತವಾದ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಅದನ್ನು ಹೊರಹಾಕಲಾರದ ಮೂತ್ರಪಿಂಡದ ರೋಗಿಯ ಹೃದಯದ ಬಡಿತಕ್ಕೆ ಅದರಿಂದ ಅಪಾಯ.

ಆದ್ದರಿಂದ ಈ ಪರಂಪರೆಯನ್ನು ಮೂಢನಂಬಿಕೆಯೆಂದು ತಳ್ಳುವುದೂ, ಸರ್ವರೋಗಕ್ಕೂ ಮದ್ದೆಂದು ಕೊಂಡಾಡುವುದೂ ಸಮಂಜಸವಲ್ಲ. ಜನಪದ ಮದ್ದುಗಳನ್ನು ದಾಖಲಿಸುವಾಗ ಗಿಡದ ಹೆಸರಿನೊಂದಿಗೆ ಅದು ಯಾವ ಸ್ಥಿತಿಗೆ, ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನೂ ಬರೆದಿಡಬೇಕು. ನೀರಿನ ಬೆಲೆ ಬಲ್ಲ ಬಯಲುಸೀಮೆಯ ಈ ತಿಳಿವಳಿಕೆಗೆ ಸಲ್ಲುವ ನಿಜವಾದ ಗೌರವ ಅದೇ ಆಗಿದೆ.