ನೊರೊವೈರಸ್‌ನ ಜಾಗತಿಕ ಆರ್ಥಿಕ ಹೊರೆ

ನೊರೊವೈರಸ್‌ನ ಜಾಗತಿಕ ಆರ್ಥಿಕ ಹೊರೆ ಎಂಬುದು ವಾಂತಿ ಮತ್ತು ಭೇದಿಯನ್ನುಂಟುಮಾಡುವ ನೊರೊವೈರಸ್ ಸೋಂಕಿನಿಂದ ಪ್ರಪಂಚದಾದ್ಯಂತ ಆಗುವ ಚಿಕಿತ್ಸಾ ವೆಚ್ಚ ಹಾಗೂ ದುಡಿಮೆಯ ನಷ್ಟವನ್ನು ಸೂಚಿಸುತ್ತದೆ. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಇದು ವರ್ಷಕ್ಕೆ 6,000 ಕೋಟಿ ಅಮೆರಿಕನ್ ಡಾಲರ್‌ಗಳನ್ನು ಮೀರುತ್ತದೆ.

ಹಿನ್ನೆಲೆ

1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳು ಹಾಗೂ ಶಿಕ್ಷಕರು ಸಾಮೂಹಿಕವಾಗಿ ವಾಂತಿಭೇದಿಗೆ ತುತ್ತಾದರು. ಆಗ ಸಂಗ್ರಹಿಸಿದ ಮಾದರಿಗಳಲ್ಲಿ ಈ ವೈರಾಣುವನ್ನು 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಗುರುತಿಸಲಾಯಿತು. ವೈರಾಣುವಿನ ಹೆಸರಿಗೆ ಈ ಪಟ್ಟಣವೇ ಮೂಲ. ಸೋಂಕು ತಗುಲಿದ 12ರಿಂದ 48 ಗಂಟೆಗಳೊಳಗೆ ಲಕ್ಷಣಗಳು ಕಾಣಿಸಿಕೊಂಡು, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಶಮನವಾಗುತ್ತವೆ. ಹೀಗೆ ಬಂದು ಹೋಗುವ ಕಾಯಿಲೆಯಾದ್ದರಿಂದಲೇ ಅದರ ವೆಚ್ಚ ಬಹುಕಾಲ ಲೆಕ್ಕಕ್ಕೆ ಸಿಗಲಿಲ್ಲ.

ವೆಚ್ಚದ ಸ್ವರೂಪ

ಮೇಲಿನ ಅಂದಾಜನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ಗಣಕೀಕೃತ ಮಾದರಿಯ ನೆರವಿನಿಂದ ಸಿದ್ಧಪಡಿಸಿತು. ಅದರಂತೆ ವರ್ಷಕ್ಕೆ ಸುಮಾರು 69.9 ಕೋಟಿ ಜನರು ಅಸ್ವಸ್ಥರಾಗುತ್ತಾರೆ. 2,19,000 ಮಂದಿ ಸಾವಿಗೀಡಾಗುತ್ತಾರೆ. ಆರೋಗ್ಯ ವ್ಯವಸ್ಥೆಯ ಮೇಲೆ ಬೀಳುವ ನೇರ ವೆಚ್ಚ 420 ಕೋಟಿ ಡಾಲರ್ ಮಾತ್ರ. ಸಾಮಾಜಿಕ ವೆಚ್ಚವಾದರೋ 6,030 ಕೋಟಿ ಡಾಲರ್. ಇದು ನಿಖರ ಎಣಿಕೆಯಲ್ಲ. ಅನಿಶ್ಚಿತತೆಯ ವ್ಯಾಪ್ತಿ 4,440 ಕೋಟಿಯಿಂದ 8,340 ಕೋಟಿ ಡಾಲರ್‌ಗಳವರೆಗೆ ಹರಡಿದೆ.

ಪ್ರದೇಶಕ್ಕನುಗುಣವಾಗಿ ಒಟ್ಟು ವೆಚ್ಚದ ಶೇ. 84ರಿಂದ 99ರಷ್ಟು ಭಾಗ ಉತ್ಪಾದಕತೆಯ ನಷ್ಟದ್ದೇ ಆಗಿದೆ. ಕೆಲಸಕ್ಕೆ ಹೋಗಲಾಗದ ದಿನಗಳು ಮತ್ತು ಅಕಾಲ ಮರಣದಿಂದ ಇಲ್ಲವಾದ ಮುಂದಿನ ದುಡಿಮೆ ಇದರಲ್ಲಿ ಸೇರುತ್ತವೆ. ಆದ್ದರಿಂದ ಆಸ್ಪತ್ರೆಯ ದಾಖಲೆಗಳನ್ನಷ್ಟೇ ನೋಡಿದವರಿಗೆ ಹೊರೆಯ ಅಲ್ಪಾಂಶ ಮಾತ್ರ ಕಾಣುತ್ತದೆ. ದಿನಗೂಲಿಯವರ ಮನೆಯಲ್ಲಿ ಮಗುವಿಗೆ ಭೇದಿಯಾದರೆ ಔಷಧದ ಖರ್ಚಿಗಿಂತ ತಪ್ಪಿದ ಕೂಲಿಯೇ ಹೆಚ್ಚಾಗಬಹುದು.

ವಯೋಮಾನ

ಐದು ವರ್ಷದೊಳಗಿನ ಮಕ್ಕಳ ಕಾಯಿಲೆಯಿಂದ ಸಮಾಜಕ್ಕಾಗುವ ವೆಚ್ಚ 3,980 ಕೋಟಿ ಡಾಲರ್; ಉಳಿದೆಲ್ಲ ವಯೋಮಾನದವರದು ಸೇರಿ 2,040 ಕೋಟಿ ಡಾಲರ್. ಆದರೆ ಪ್ರತಿ ರೋಗಿಗೆ ತಗಲುವ ವೆಚ್ಚ 55 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ ಅತ್ಯಧಿಕ. ಪ್ರವಾಸಿ ಹಡಗುಗಳಲ್ಲಿ ಕಾಣಿಸಿಕೊಳ್ಳುವ ಸೋಂಕು ಹೆಚ್ಚು ಸುದ್ದಿಯಾಗುತ್ತದಾದರೂ ಒಟ್ಟು ಪ್ರಕರಣಗಳಲ್ಲಿ ಅದರ ಪಾಲು ಅತ್ಯಲ್ಪ.

ತಡೆಗಟ್ಟುವಿಕೆ

ನೂರಕ್ಕಿಂತ ಕಡಿಮೆ ವೈರಾಣು ಕಣಗಳೂ ಸೋಂಕು ತರಬಲ್ಲವು. ಮದ್ಯಸಾರಯುಕ್ತ ಸ್ಯಾನಿಟೈಸರ್ ಇದರೆದುರು ಅಷ್ಟಾಗಿ ಫಲಕಾರಿಯಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದೇ ಮುಖ್ಯ ಉಪಾಯ. ಗುಣಮುಖರಾದ ಬಳಿಕವೂ ಕನಿಷ್ಠ ಎರಡು ದಿನ ಇತರರಿಗಾಗಿ ಅಡುಗೆ ಮಾಡಬಾರದೆಂದು ತಜ್ಞರು ಸೂಚಿಸುತ್ತಾರೆ. ವೈರಾಣುವಿನಲ್ಲಿ ಹಲವು ತಳಿಗಳಿದ್ದು ಅವು ಬದಲಾಗುತ್ತಲೇ ಇರುವುದರಿಂದ ಲಸಿಕೆಯ ತಯಾರಿಕೆ ಕಠಿಣವಾಗಿ ಪರಿಣಮಿಸಿದೆ.