ಕೊರೊನಾ, ಮಂಗನ ಕಾಯಿಲೆ ಮತ್ತು ಟಿ-ಕೋಶ: ಭಟ್ಕಳ, ಹೊನ್ನಾವರ, ಕುಮಟಾ ನೆಲೆಯಿಂದ

ಉತ್ತರ ಕನ್ನಡಕ್ಕೆ ಕೊರೊನಾ ಕಾಲಿಟ್ಟದ್ದು ಭಟ್ಕಳದ ಮೂಲಕ. 2020ರ ಮಾರ್ಚ್ ಕೊನೆಯ ವಾರ ದುಬೈಯಿಂದ ಮರಳಿದವರಲ್ಲಿ ಸೋಂಕು ಪತ್ತೆಯಾಯಿತು. ಆರಂಭದ ರೋಗಿಗಳಿಗೆ ಕಾರವಾರ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಮೇ ತಿಂಗಳಲ್ಲಿ ಪ್ರಕರಣಗಳು ಮತ್ತೆ ಏರಿದವು. ಅಂದಿನ ಬುಲೆಟಿನ್‌ಗಳ ತುಂಬ ಗಂಟಲು ದ್ರವದ ವರದಿ, ಕ್ವಾರಂಟೈನ್ ಲೆಕ್ಕ. ರೋಗ ನೆಗಡಿಯಲ್ಲೇ ಮುಗಿಯುವುದೋ ವೆಂಟಿಲೇಟರ್‌ವರೆಗೆ ಹೋಗುವುದೋ ಎಂಬುದರಲ್ಲಿ ದೊಡ್ಡ ಪಾತ್ರವಿದ್ದ ಟಿ-ಕೋಶಕ್ಕೆ ಅಲ್ಲಿ ಜಾಗವಿರಲಿಲ್ಲ.

ಎದೆಗೂಡಿನ ಥೈಮಸ್ ಗ್ರಂಥಿ ರೋಗನಿರೋಧಕ ಶಕ್ತಿಗೆ ಅನಿವಾರ್ಯವೆಂದು ಜ್ಯಾಕ್ ಮಿಲ್ಲರ್ ತೋರಿಸಿದ್ದು 1961ರಲ್ಲಿ. ಅಲ್ಲಿ ಪಕ್ವವಾಗುವ ಕೋಶಗಳೇ ಟಿ-ಕೋಶಗಳು. ಅವು ಸೋಂಕಿತ ಕೋಶವನ್ನು ಗುರುತಿಸುವ ಬಗೆಯನ್ನು 1974ರಲ್ಲಿ ಬಿಡಿಸಿಟ್ಟ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಝಿಂಕರ್‌ನಾಗೆಲ್ ಅವರಿಗೆ 1996ರ ನೊಬೆಲ್ ಸಂದಿತು. ವೈರಾಣು ಶ್ವಾಸಕೋಶದ ಕೋಶದೊಳಗೆ ಹೊಕ್ಕ ಮೇಲೆ ಪ್ರತಿಕಾಯಗಳಿಗೆ ಅದು ಸಿಗುವುದಿಲ್ಲ. ಆದರೆ ಆ ಕೋಶ ವೈರಾಣುವಿನ ಪ್ರೋಟೀನ್ ಚೂರುಗಳನ್ನು ತನ್ನ ಹೊರಮೈಯಲ್ಲಿ ತೋರಿಸುತ್ತದೆ. ಸಿಡಿ8 ಎಂಬ ಬಗೆಯ ಟಿ-ಕೋಶ ಅದನ್ನು ಗುರುತಿಸಿ, ಕೋಶವನ್ನೇ ಕೊಲ್ಲುತ್ತದೆ.

ಈ ಕೋಶಗಳ ನೆನಪು ದೀರ್ಘವಾದದ್ದು. 2003ರಲ್ಲಿ ಸಾರ್ಸ್‌ನಿಂದ ಗುಣವಾದವರಲ್ಲಿ 17 ವರ್ಷಗಳ ಬಳಿಕವೂ ಅವು ಉಳಿದಿದ್ದವೆಂದು ಸಿಂಗಪುರದ ತಂಡ 2020ರಲ್ಲಿ ಪ್ರಕಟಿಸಿತು. ಕೋವಿಡ್ ಬರುವ ಮೊದಲೇ ಸಂಗ್ರಹಿಸಿದ್ದ ಭಾರತೀಯರ ರಕ್ತದ ಹಲವು ಮಾದರಿಗಳಲ್ಲೂ ಹೊಸ ವೈರಾಣುವಿಗೆ ಸ್ಪಂದಿಸುವ ಟಿ-ಕೋಶಗಳಿದ್ದುದನ್ನು ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆ ಕಂಡಿತು. ಹಳೆಯ ನೆಗಡಿ ಕೊರೊನಾಗಳ ಗುರುತು ಇದಾಗಿರಬಹುದು.

ತಾಲ್ಲೂಕು ಮಟ್ಟದ ವೈದ್ಯರಿಗೂ ಟಿ-ಕೋಶದ ಸುಳಿವು ಕೊಡಬಲ್ಲ ಪರೀಕ್ಷೆ ಒಂದಿತ್ತು: ಸಾಮಾನ್ಯ ರಕ್ತಪರೀಕ್ಷೆ, ಸಿಬಿಸಿ. ಅದರಲ್ಲಿ ಲಿಂಫೋಸೈಟ್ ಎಂಬ ಒಂದು ಸಾಲು. ರಕ್ತದ ಲಿಂಫೋಸೈಟ್‌ಗಳಲ್ಲಿ ಹೆಚ್ಚಿನವು ಟಿ-ಕೋಶಗಳೇ. ತೀವ್ರ ಕೋವಿಡ್‌ನಲ್ಲಿ ಆ ಸಂಖ್ಯೆ ಕುಸಿಯುತ್ತಿತ್ತು, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಿಳಿರಕ್ತಕಣದ ಸಂಖ್ಯೆ ಮೇಲೇರುತ್ತಿತ್ತು. ಕೆಲವೇ ನೂರು ರೂಪಾಯಿಯ ಈ ವರದಿ ಆ ಕಾಲದ ಬಹುಮುಖ್ಯ ದಾಖಲೆ ಎಂಬುದು ನನ್ನ ಅಭಿಪ್ರಾಯ.

ಟಿ-ಕೋಶದ ಮಹತ್ವವನ್ನು ಚಿಕಿತ್ಸೆಯ ಇತಿಹಾಸವೂ ಹೇಳುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕ ಬೇಡದವರಿಗೆ ಪ್ರಯೋಜನವಾಗಲಿಲ್ಲ. ಹದ ಮೀರಿದ ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಟಿ-ಕೋಶಗಳನ್ನೂ ಕುಗ್ಗಿಸುತ್ತದೆ. ಹೋರಾಟ ಆಗಷ್ಟೇ ಶುರುವಾದಾಗ ಅದನ್ನು ಕೊಡುವುದು ತರವಲ್ಲ. ಗುಣವಾದವರ ಟಿ-ಕೋಶಗಳನ್ನು ರೋಗಿಗೆ ವರ್ಗಾಯಿಸುವ ಚಿಕಿತ್ಸೆ ಪ್ರಯೋಗದ ಹಂತ ದಾಟಿ ವ್ಯಾಪಕವಾಗಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಾಡಂಚಿನವರಿಗೆ ಇನ್ನೊಂದು ವೈರಾಣುವಿನ ಪರಿಚಯ ಮೊದಲೇ ಇತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮುಂದೆ ಹೊನ್ನಾವರದ ಕಡೆಗೂ ಹಬ್ಬಿತು. ಈ ಕಾಯಿಲೆಯಲ್ಲೂ ಸಿಬಿಸಿಯ ಬಿಳಿರಕ್ತಕಣಗಳು ಕುಸಿಯುತ್ತವೆ. ಮಣಿಪಾಲದ ವೈರಾಣು ಸಂಸ್ಥೆಯವರೂ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ರೋಗದ ಎರಡನೇ ವಾರದಲ್ಲಿ ಸಿಡಿ8 ಟಿ-ಕೋಶಗಳು ಗಣನೀಯವಾಗಿ ಚುರುಕಾಗುತ್ತವೆ. ಹಳೆಯ ನಿಷ್ಕ್ರಿಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಅಂಥ ಲಸಿಕೆಗಳು ಸಾಮಾನ್ಯವಾಗಿ ಸಿಡಿ8 ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ.

ಮಂಗನ ಕಾಯಿಲೆಗೆ ಈಗ ಹೊಸ ಲಸಿಕೆ ಸಿದ್ಧವಾಗುತ್ತಿದೆ. ಅದನ್ನು ಪ್ರತಿಕಾಯದ ಅಳತೆಗೋಲೊಂದರಿಂದಲೇ ತೂಗಬಾರದು. ತರಗೆಲೆ ತರಲು ಕಾಡಿಗೆ ಹೋಗುವ ಜನರಲ್ಲಿ ಅದು ಎಬ್ಬಿಸುವ ಟಿ-ಕೋಶಗಳನ್ನೂ ಅಳೆಯಬೇಕೆಂದು ಆರೋಗ್ಯ ಇಲಾಖೆಯನ್ನು, ಸಂಶೋಧಕರನ್ನು ಕೇಳಿಕೊಳ್ಳುತ್ತೇನೆ.